ಡಾಕ್ಟರಮ್ಮನ ಕೆಂಪು ಕಾರಿಗೆ ನಾನು ಮಾಡಿದ ಚಿಕಿತ್ಸೆ

ಕಾರಿನ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಇಪ್ಪತ್ತಾರು ವರ್ಷಗಳಿಂದ ಹೈಸ್ಕೂಲಿನ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತ ಬಂದಿದ್ದೇನೆ. ಪೆಟ್ರೋಲಿಗೆ ನೀಲಿ ಸೀಮೆಸುಣ್ಣ, ಬೆಂಕಿಗೆ ಕೆಂಪು, ಹೊಗೆಗೆ ಬಿಳಿ. ನನ್ನ ಹಲಗೆಯ ಇಂಜಿನ್ ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ಹೀಗಿರುವಾಗ, ಅರ್ಧ ಶತಮಾನಕ್ಕೂ ಹಳೆಯ ನಿಜವಾದ ಇಂಜಿನ್ನೊಂದನ್ನು ಬಿಚ್ಚಿ ಜೋಡಿಸುವುದು ನನ್ನಂಥ ಭೌತಶಾಸ್ತ್ರದ ಮಾಷ್ಟ್ರಿಗೆ ನಾಲ್ಕು ತಿಂಗಳ ಕೆಲಸ ಎಂದು ನಾನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ತಪ್ಪಾದದ್ದು, ಅದನ್ನು ಡಾಕ್ಟರಮ್ಮನ ಮುಂದೆ ಬಾಯಿಬಿಟ್ಟು ಹೇಳಿದ್ದು.

ಡಾಕ್ಟರಮ್ಮ ಎಂದರೆ ಕಾಸರಗೋಡಿನ ಹಳೆಯ ಹೆರಿಗೆ ಡಾಕ್ಟರು. ವಯಸ್ಸು ಎಂಬತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗಿದೆ. ಹರೆಯದಲ್ಲಿ ಅವರ ಬಳಿ ಒಂದು ಕೆಂಪು ಬಣ್ಣದ, ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿತ್ತು. ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದ ದೊರೆಯೊಬ್ಬ ಊರಿಗೆ ಮರಳುವಾಗ ಬಿಟ್ಟುಹೋದದ್ದಂತೆ. ತಯಾರಿಸಿದ ಕಂಪೆನಿಯ ಹೆಸರನ್ನು ನಾನು ಹೇಳುವುದಿಲ್ಲ. ಮುಂದೆ ಆದ ಯಾವುದರಲ್ಲೂ ಅವರ ತಪ್ಪು ಇರಲಿಲ್ಲ. ಹೆಂಗಸರು ಸೈಕಲ್ ಹತ್ತಿದರೂ ಊರು ತಿರುಗಿ ನೋಡುತ್ತಿದ್ದ ಆ ಕಾಲದಲ್ಲಿ ಡಾಕ್ಟರಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಈ ಕಾರನ್ನು ಕೆಂಪು ಮಣ್ಣಿನ ರಸ್ತೆಗಳಲ್ಲಿ ಓಡಿಸಿಕೊಂಡು ಹೆರಿಗೆ ಮಾಡಿಸಲು ಹೋಗುತ್ತಿದ್ದರು. ರಸ್ತೆ ಮುಗಿದಲ್ಲಿ ಕಾರು ನಿಲ್ಲಿಸಿ, ಬ್ಯಾಗು ಹಿಡಿದು ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದರು. ನನ್ನ ಅಮ್ಮನನ್ನು ಪುತ್ತಿಗೆಯಿಂದ ಕಾಸರಗೋಡಿಗೆ ಕರೆದೊಯ್ದದ್ದು ಅದೇ ಕಾರಿನಲ್ಲಿ. ತಲೆಗೆ ಟವೆಲು ಕಟ್ಟಿಕೊಂಡು, ನೋವಿನಲ್ಲಿ ಕಿರುಚುತ್ತ ಹೋದೆ, ಗಾಳಿಯ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಆಸ್ಪತ್ರೆ ಇನ್ನೂ ಐದು ನಿಮಿಷ ದೂರವಿದ್ದಿದ್ದರೆ ನಾನು ಕಾರಿನಲ್ಲೇ ಹುಟ್ಟುತ್ತಿದ್ದೆ.

ಈಗ ಹೆದ್ದಾರಿ ಅಗಲವಾಗುತ್ತಿದೆಯಷ್ಟೆ. ಡಾಕ್ಟರಮ್ಮನ ಕಂಪೌಂಡಿನ ಮುಂಭಾಗವೂ ಅದರಲ್ಲಿದ್ದ ಕಾರಿನ ಶೆಡ್ಡೂ ರಸ್ತೆಗೆ ಹೋಯಿತು. ಇಪ್ಪತ್ತು ವರ್ಷಗಳಿಂದ ಓಡದೆ ನಿಂತಿದ್ದ ಕಾರನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ನನ್ನ ಹೆಂಡತಿ ಜಯಂತಿಗೆ ಕುಂಬಳೆಯಲ್ಲಿ ಟೈಲರಿಂಗ್ ಅಂಗಡಿ ಉಂಟು. ಡಾಕ್ಟರಮ್ಮ ಅವಳ ಗಿರಾಕಿ. ಬ್ಲೌಸಿನ ಅಳತೆಗೆ ಹೋದವಳು ಸುದ್ದಿ ತಂದಳು. ಮರುದಿನ ಬೆಳಿಗ್ಗೆಯೇ ನಾನು ಅವರ ಮುಂದೆ ಕೈಕಟ್ಟಿ ನಿಂತಿದ್ದೆ.

ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದುಡ್ಡಿನ ಮಾತೇ ಎತ್ತಲಿಲ್ಲ.

"ಕೊಂಡುಹೋಗು. ಆದರೆ ಒಂದು ಸಲ ನಾನು ಅದರಲ್ಲಿ ಕೂರಬೇಕು. ಅದು ಓಡಬೇಕು. ನನಗೆ ತುಂಬ ಟೈಮ್ ಇಲ್ಲ, ಗೊತ್ತುಂಟಲ್ಲ?"

"ವಿಷುವಿಗೆ ತಂದು ನಿಲ್ಲಿಸ್ತೇನೆ ಡಾಕ್ಟರಮ್ಮ," ಎಂದೆ. ಆಗ ಕ್ರಿಸ್ಮಸ್ ರಜೆ, ವಿಷು ಹಬ್ಬ ಏಪ್ರಿಲಿನಲ್ಲಿ. ಯಾವ ವರ್ಷದ ವಿಷು ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕಾರನ್ನು ಮನೆಗೆ ತರುವ ಕೆಲಸಕ್ಕೆ ಮೋನುಚ್ಚ ತನ್ನ ಪಿಕಪ್ ತಂದ. ಮೋನುಚ್ಚ ನಮ್ಮ ನೆರೆಯವನು. ಗಲ್ಫಿನಲ್ಲಿ ಬಹಳ ವರ್ಷ ಮೆಕ್ಯಾನಿಕ್ ಆಗಿದ್ದು, ಈಗ ಊರಿನಲ್ಲಿ ರಿಕ್ಷಾ ರಿಪೇರಿ ಮಾಡುತ್ತಾನೆ. ಅವನು ಕಾರಿಗೆ ಹಗ್ಗ ಬಿಗಿದು, ಬ್ರೇಕ್ ಉಂಟಾ ಎಂದು ಕೇಳಿದ. ನಾನು ಪೆಡಲ್ ಒತ್ತಿದೆ. ಅದು ನೆಲದವರೆಗೆ ಇಳಿಯಿತು, ಮೇಲೆ ಬರಲಿಲ್ಲ. ಉಂಟು, ಸ್ವಲ್ಪ ಮೆತ್ತಗೆ ಉಂಟು ಎಂದೆ.

ಕುಂಬಳೆಯವರೆಗೆ ಯಾತ್ರೆ ಗಂಭೀರವಾಗಿಯೇ ಸಾಗಿತು. ತೆರೆದ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕುಳಿತಿದ್ದ ನನಗೆ ದಾರಿಹೋಕರು ಕೈ ಬೀಸಿದರು, ನಾನೂ ಬೀಸಿದೆ. ಪುತ್ತಿಗೆಯ ರಸ್ತೆಯಲ್ಲಿ ಒಂದು ಇಳಿಜಾರು ಬಂತು. ನನ್ನನ್ನು ಎಳೆಯುತ್ತಿದ್ದ ಪಿಕಪ್ ನಿಧಾನವಾಗಿ ನನ್ನ ಹತ್ತಿರ ಬರತೊಡಗಿತು. ಬ್ರೇಕ್ ಒತ್ತಿದೆ. ಪೆಡಲ್ ಅದಾಗಲೇ ನೆಲದಲ್ಲಿತ್ತು. ಬೇರೆ ದಾರಿ ಕಾಣದೆ ಬಲಕ್ಕೆ ತಿರುಗಿಸಿದೆ. ಎಳೆಸಿಕೊಳ್ಳುವ ಗಾಡಿ ಎಳೆಯುವ ಗಾಡಿಯನ್ನು ಓವರ್‌ಟೇಕ್ ಮಾಡಿತು! ಪಕ್ಕದಲ್ಲಿ ಹಾದುಹೋಗುವಾಗ ಮೋನುಚ್ಚ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಮರಳುಗಾಡಿನಲ್ಲಿ ಅಷ್ಟು ವರ್ಷ ಕಳೆದವನು ಇಂಥದ್ದನ್ನು ಮೊದಲ ಬಾರಿಗೆ ನೋಡಿದ ಭಾವ ಮಾತ್ರ ಇತ್ತು. ಮುಂದಿನ ಕ್ಷಣ ಹಗ್ಗ ಬಿಗಿಯಾಯಿತು, ಕಾರು ಅರ್ಧ ಸುತ್ತು ತಿರುಗಿತು, ನಾನು ಬಸ್ ಸ್ಟಾಪಿನ ಪಕ್ಕದ ತೆಂಗಿನ ಸಿಪ್ಪೆಯ ರಾಶಿಯೊಳಗೆ ಕತ್ತಿನವರೆಗೆ ಹೂತುಹೋದೆ. ಬಸ್ಸಿಗೆ ಕಾಯುತ್ತಿದ್ದವರಲ್ಲಿ ಅರ್ಧಕ್ಕರ್ಧ ನನ್ನ ವಿದ್ಯಾರ್ಥಿಗಳು. ಜಡತ್ವದ ನಿಯಮವನ್ನು ಪರೀಕ್ಷೆಗೆ ಮುಂಚೆಯಷ್ಟೇ ಅವರಿಗೆ ಪಾಠ ಮಾಡಿದ್ದೆ.

ಮನೆಯ ಅಂಗಳದಲ್ಲಿ ತಗಡಿನ ಮಾಡು ಇಳಿಸಿ, ಕಾರನ್ನು ಅದರಡಿ ನಿಲ್ಲಿಸಿ, ನಾನು ವೈಜ್ಞಾನಿಕವಾಗಿ ಬಿಚ್ಚತೊಡಗಿದೆ. ಪ್ರತಿಯೊಂದು ನಟ್ಟು, ಬೋಲ್ಟು, ವಾಷರನ್ನೂ ಹಾಲುಪುಡಿಯ ಖಾಲಿ ಡಬ್ಬಿಗಳಲ್ಲಿ ಹಾಕಿ, ಹೊರಗೆ ಚೀಟಿ ಬರೆದು ಅಂಟಿಸಿದೆ. 'ಎಡಬಾಗಿಲು, ಮೇಲಿನದು.' 'ಇಂಜಿನಿನ ತಲೆ, ಬಲಬದಿ.' ಅಕ್ಷರ ದುಂಡಗೆ, ಕೆಳಗೆ ದಿನಾಂಕ. ಮೋನುಚ್ಚ ಬಂದು ನೋಡಿ, ನಮ್ಮ ಗ್ಯಾರೇಜಿನಲ್ಲಿ ಇಷ್ಟು ಚಂದ ಇರಲಿಲ್ಲ ಮಾಷ್ಟ್ರೇ ಎಂದ. ಅಂಟು ಮುಗಿದಿದ್ದರಿಂದ ನಾನು ಗಂಜಿಯನ್ನೇ ಬಳಸಿದ್ದೆ. ನಮ್ಮ ಹಿರಿಯರೆಲ್ಲ ಬಳಸಿದ್ದಲ್ಲವೇ.

ಜಿರಲೆಗಳಿಗೆ ಗಂಜಿ ಎಷ್ಟು ಇಷ್ಟವೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತೋ ಇಲ್ಲವೋ. ಶಾಲೆಯ ಕಲೋತ್ಸವದ ಗಡಿಬಿಡಿಯಲ್ಲಿ ಎರಡು ವಾರ ಆ ಕಡೆ ಹೋಗಲಿಲ್ಲ. ಹೋಗಿ ನೋಡಿದರೆ ಒಂದೇ ಒಂದು ಚೀಟಿ ಉಳಿದಿತ್ತು. ಅದರಲ್ಲೂ 'ಮೇಲಿನದು' ಎಂಬುದಷ್ಟೇ. ಸಾಲಾಗಿ ಕುಳಿತ ಡಬ್ಬಿಗಳನ್ನು ಎತ್ತಿ ನೋಡುವ ಆತುರದಲ್ಲಿ ಮೂರನ್ನು ಬೀಳಿಸಿದೆ. ಒಳಗಿದ್ದದ್ದೆಲ್ಲ ಒಂದಾಯಿತು.

ನಾನು ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕುಳಿತಿದ್ದಾಗ ಜಯಂತಿ ಅಂಗಡಿಯಿಂದ ಬಂದಳು. ವಿಷಯ ಕೇಳಿದಳು, ಕೈಕಾಲು ತೊಳೆದು ಬಂದು ಜಗಲಿಯಲ್ಲಿ ಒಂದು ಹಳೆಯ ಬಿಳಿ ಪಂಚೆ ಹಾಸಿದಳು. ಆಮೇಲೆ ನಾನು ಕಂಡದ್ದನ್ನು ಹೇಗೆ ಹೇಳಲಿ. ಅವಳು ಒಂದೊಂದು ಬೋಲ್ಟನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ, ತುಕ್ಕಿನ ಬಣ್ಣ, ಬಣ್ಣದ ಕಲೆ, ವಾಷರ್ ಕೂತ ಗುರುತು ನೋಡಿ, ಜೊತೆ ಮಾಡಿ ಇಟ್ಟಳು. ಪಂಚೆಯ ಮೇಲೆ ಟೈಲರ್ ಚಾಕಿನಿಂದ ಕಾರಿನ ಆಕಾರ ಬರೆದು, ಎಲ್ಲೆಲ್ಲಿ ಎಂತೆಂಥ ತೂತು ಉಂಟೆಂದು ಟೇಪು ಹಿಡಿದು ಅಳೆದಳು. ನಾನು ಟಾರ್ಕ್ ಎಂಬುದರ ಬಗ್ಗೆ ಏನೋ ಹೇಳಲು ಹೋದೆ. ಸ್ವಲ್ಪ ಆಚೆ ಕೂತುಕೊಳ್ಳಿ, ಬೆಳಕಿಗೆ ಅಡ್ಡ ಎಂದಳು.

"ದೊಡ್ಡ ವಿಷಯ ಎಂತದೂ ಇಲ್ಲ. ಇದೂ ಒಂದು ಬ್ಲೌಸಿನ ಹಾಗೆಯೇ. ಒಳಗಿನ ಹೊಲಿಗೆ ಮೊದಲು, ಹೊರಗಿನದ್ದು ಮತ್ತೆ."

ಎಂಟು ಸಂಜೆ ಕೂತು ಮುಗಿಸಿದಳು. ಕೊನೆಗೆ ಮೂರು ಬೋಲ್ಟು ಉಳಿದವು. ನನಗೆ ಒಳಗೊಳಗೇ ಸಮಾಧಾನ, ಇವಳಿಗೂ ತಪ್ಪಿತಲ್ಲ ಎಂದು. ಅವಳು ಅವನ್ನು ಬೆಳಕಿಗೆ ಹಿಡಿದು ನೋಡಿ, ಇವು ಕಾರಿನವಲ್ಲ, ಹೋದ ವರ್ಷ ನೀವು ರಿಪೇರಿ ಮಾಡಿದ ಬಾವಿಯ ಪಂಪಿನವು ಎಂದಳು. ಹೋಗಿ ನೋಡಿದೆವು. ಪಂಪಿನಲ್ಲಿ ಮೂರು ತೂತು ಖಾಲಿ ಇದ್ದವು.

ಇಷ್ಟರಲ್ಲಿ ಮಾರ್ಚ್ ಬಂತು. ತಿಂಗಳಿಗೊಮ್ಮೆ ಡಾಕ್ಟರಮ್ಮನ ಫೋನ್. ಗದರಿಕೆಯಿಲ್ಲ, ಅವಸರವಿಲ್ಲ. ಪೇಷಂಟ್ ಹೇಗಿದ್ದಾಳೆ ಎಂದಷ್ಟೇ ಕೇಳುವರು. ಸುಧಾರಿಸುತ್ತಿದ್ದಾಳೆ ಎಂದು ನಾನು ಹೇಳುವೆ. ಅವರು ಹೂಂ ಎಂದು ಇಟ್ಟುಬಿಡುವರು. ಆ 'ಹೂಂ' ನನ್ನನ್ನು ಎರಡು ದಿನ ಚುಚ್ಚುತ್ತಿತ್ತು. ವಿಷುವಿಗೆ ಓಡದಿದ್ದರೂ ಕಾರಿನ ಚಂದವಾದರೂ ಕಾಣಲಿ ಎಂದು, ಇಂಜಿನ್ ಕೂರಿಸುವ ಮೊದಲೇ ಬಣ್ಣ ಬಳಿಯಲು ನಿರ್ಧರಿಸಿದೆ. ಶೆಡ್ಡಿನಲ್ಲಿ ಧೂಳು ಬೀಳುತ್ತದೆ, ಬಯಲಲ್ಲಿ ಮಾಡಬೇಕು ಎಂಬುದೂ ನನ್ನದೇ ವೈಜ್ಞಾನಿಕ ನಿರ್ಧಾರ. ಸ್ಪ್ರೇ ಗನ್ ಮೋನುಚ್ಚನದು. ಸ್ವಲ್ಪ ದಿನ ಕಾಯಿರಿ, ಈಗ ಬೇಡ ಎಂದು ಅವನು ಹೇಳಿದ್ದ. ಯಾಕೆ ಎಂದು ನಾನು ಕೇಳಲಿಲ್ಲ.

ಬಣ್ಣ ಅದ್ಭುತವಾಗಿ ಬಂತು. ಬೆಳಗಿನ ಬಿಸಿಲಿನಲ್ಲಿ ಕಾರು ಈಗಷ್ಟೇ ತೊಳೆದ ದಾಸವಾಳದಂತೆ ಹೊಳೆಯಿತು. ನಾನು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿದೆ, ಫೋಟೋ ತೆಗೆದೆ, ಡಾಕ್ಟರಮ್ಮನಿಗೆ ಕಳಿಸಿದೆ. ಆಗ ಒಂದು ಗಾಳಿ ಬೀಸಿತು. ನಮ್ಮ ಮನೆಯ ಪಡುಬದಿಯಲ್ಲಿ ಒಂದು ದೊಡ್ಡ ಬೂರುಗದ ಮರ ಉಂಟು. ಅದರ ಕಾಯಿಗಳು ಒಡೆಯುವುದು ಮಾರ್ಚಿನಲ್ಲಿ. ಮೋನುಚ್ಚ ಕಾಯಲು ಹೇಳಿದ್ದು ಅದಕ್ಕೇ.

ಹತ್ತಿ ಹಿಂಡು ಹಿಂಡಾಗಿ ಬಂತು. ನಾನು ಲುಂಗಿ ಬಿಚ್ಚಿ ಬೀಸಿದೆ. ಬೀಸಿದ ಗಾಳಿಗೆ ಇನ್ನಷ್ಟು ಬಂತು. ಹತ್ತು ನಿಮಿಷದಲ್ಲಿ ಅಂಗಳದಲ್ಲಿ ಕಾರಿರಲಿಲ್ಲ. ಚಕ್ರಗಳಿರುವ ಒಂದು ಕೆಂಪು ಕುರಿ ನಿಂತಿತ್ತು. ಜಯಂತಿ ಬಾಗಿಲಿಗೆ ಬಂದು ಬಹಳ ಹೊತ್ತು ನೋಡಿ, ಲುಂಗಿ ಉಟ್ಟುಕೊಳ್ಳಿ ಎಂದಳು. ಅಷ್ಟರಲ್ಲಿ ಡಾಕ್ಟರಮ್ಮನ ಫೋನ್: ಫೋಟೋದಲ್ಲಿ ಬಹಳ ಚಂದ ಕಾಣುತ್ತಾಳೆ, ಇನ್ನೊಂದು ಹತ್ತಿರದಿಂದ ತೆಗೆದು ಕಳಿಸು. ಮೊಬೈಲಿನಲ್ಲಿ ಚಾರ್ಜಿಲ್ಲ ಎಂದೆ. ಬಣ್ಣವನ್ನೂ ಉಣ್ಣೆಯನ್ನೂ ಉಜ್ಜಿ ತೆಗೆಯುವುದಕ್ಕೆ ಮರಳು ಕಾಗದ ಹಿಡಿದು ಮೂರು ವಾರ ಬೇಕಾಯಿತು. ಮತ್ತೆ ಬಣ್ಣ ಬಳಿದದ್ದು ಹತ್ತಿ ಹಾರುವುದು ನಿಂತ ಮೇಲೆ, ಮೋನುಚ್ಚ ಹೇಳಿದ ದಿನ. ವಿಷು ಬಂತು, ಹೋಯಿತು. ನಾನು ಡಾಕ್ಟರಮ್ಮನ ಮನೆಗೆ ಹೋಗಿ, ಕಾಲು ಮುಟ್ಟಿ, ಇನ್ನು ಓಣಂ ಹಬ್ಬಕ್ಕೆ ಎಂದು ಹೇಳಿ ಬಂದೆ.

ಮೇ ತಿಂಗಳಲ್ಲಿ ಇಂಜಿನ್ ಜೋಡಣೆ. ಜಯಂತಿ ಬೋಲ್ಟು ಕೊಟ್ಟ ಕ್ರಮದಲ್ಲಿ ಮೋನುಚ್ಚ ಬಿಗಿಯುತ್ತ ಹೋದ. ಅವನು ಈ ಜಾತಿಯ ಇಂಜಿನನ್ನು ಎಂದೂ ಕಂಡವನಲ್ಲ. ಆದರೂ ಕಾರ್ಬುರೇಟರನ್ನು ಅಂಗೈಯಲ್ಲಿಟ್ಟು, ಒಂದೊಂದು ರಂಧ್ರಕ್ಕೂ ಬಾಯಿಯಿಂದ ಊದಿ, ಕಣ್ಣುಮುಚ್ಚಿ ಕೇಳಿ, ಇಲ್ಲಿ ಕಸ ಉಂಟು, ಇಲ್ಲಿ ಇಲ್ಲ ಎಂದು ಹೇಳುತ್ತಿದ್ದ. ನೋಡುತ್ತ ಕುಳಿತ ನನಗೆ, ನಾನು ಕಲಿಸಿದ ಇಪ್ಪತ್ತಾರು ವರ್ಷದಲ್ಲಿ ಇದನ್ನೊಂದು ದಿನವೂ ಕಲಿಸಲಿಲ್ಲವಲ್ಲ ಎನಿಸಿತು. ನನಗೂ ಒಂದು ಕೆಲಸ ಕೊಡಿ ಎಂದು ಕೇಳಿದೆ. ನಾಲ್ಕು ಪ್ಲಗ್ಗುಗಳ ವಯರ್ ಸಿಕ್ಕಿಸಲು ಕೊಟ್ಟರು.

ಸ್ಟಾರ್ಟ್ ಮಾಡುವ ಮೊದಲು ಮೋನುಚ್ಚ ಕೇಳಿದ: "ವಯರ್ ಯಾವ ಆರ್ಡರಿನಲ್ಲಿ ಕೊಟ್ಟದ್ದು ಮಾಷ್ಟ್ರೇ?"

"ಕ್ರಮವಾಗಿಯೇ. ಒಂದು, ಎರಡು, ಮೂರು, ನಾಲ್ಕು."

ಅವನು ನಿಲ್ಲಿ ಎನ್ನುವುದರೊಳಗೆ ನಾನು ಕೀ ತಿರುಗಿಸಿದ್ದೆ. ಸಿಲಿಂಡರುಗಳು ಉರಿಯಬೇಕಾದ ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮವನ್ನು ಪ್ರತಿ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸುವವನು ನಾನು! ಆದ ಸದ್ದಿಗೆ ಎದುರುಮನೆಯ ನಾಯಿ ಓಡಿದ್ದು ಮರುದಿನ ವಾಪಸಾಯಿತು. ಸೈಲೆನ್ಸರಿನಿಂದ ಇಪ್ಪತ್ತು ವರ್ಷದ ಇಲಿಗೂಡೊಂದು ಮಸಿಯ ಸಮೇತ ಹಾರಿ ಅಂಗಳದ ಆ ತುದಿಗೆ ಹೋಗಿ ಹರಡಿತು. ಆ ತುದಿಯಲ್ಲಿ ಜಯಂತಿ ಚಾಪೆ ಹಾಸಿ ಇನ್ನೂರು ಹಲಸಿನ ಹಪ್ಪಳ ಒಣಗಿಸಿದ್ದಳು. ಅವಳು ಚಾಪೆ ಸುತ್ತಿ ಒಳಗಿಟ್ಟಳು. ಆ ಮಳೆಗಾಲವಿಡೀ ಗಂಜಿಗೆ ಹಪ್ಪಳವಿಲ್ಲದೆ ಕೂತು, ಅವಳು ಹೇಳದ್ದನ್ನೆಲ್ಲ ನಾನು ಕೇಳಿಸಿಕೊಂಡೆ.

ವಯರ್ ಸರಿಪಡಿಸಿದ ಮೇಲೆ ಇಂಜಿನ್ ಓಡಿತು. ಎಂಥ ಸದ್ದು! ಯಕ್ಷಗಾನದ ಚೆಂಡೆ ದೂರದ ಬಯಲಿನಿಂದ ಕೇಳಿದಂತೆ. ಮೋನುಚ್ಚ ಕಣ್ಣು ಒರೆಸಿಕೊಂಡ, ಹೊಗೆ ಎಂದ.

ಉಳಿದದ್ದು ಎರಡು ತೊಂದರೆ. ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿ ಆಗುತ್ತಿತ್ತು, ವಯರಿಂಗ್ ನನ್ನದು. ಎರಡನೆಯದು, ರಿವರ್ಸ್ ಗೇರ್ ಬೀಳುತ್ತಿರಲಿಲ್ಲ. ನಾನು ಗೇರ್‌ಬಾಕ್ಸನ್ನು ಎರಡು ಸಲ ಇಳಿಸಿ ಬಿಚ್ಚಿದೆ, ಎರಡು ಸಲವೂ ಎಲ್ಲ ಸರಿಯಿತ್ತು. ಡಾಕ್ಟರಮ್ಮನ ಹತ್ತಿರ ಒಂದು ಮಾತು ಕೇಳಿ ಎಂದು ಮೋನುಚ್ಚನೂ ಜಯಂತಿಯೂ ಹೇಳಿದರು. ಎಂಟು ತಿಂಗಳು ಸುಧಾರಿಸುತ್ತಿದ್ದಾಳೆ ಎಂದು ಹೇಳಿದವನು ಈಗ ಹೋಗಿ ಕೇಳುವುದೇ? ಹಲ್ಲು ಸವೆದಿದೆ, ಬಿಡಿಭಾಗ ಇಂಗ್ಲೆಂಡಿನಿಂದಲೇ ಬರಬೇಕು ಎಂದು ತೀರ್ಪು ಕೊಟ್ಟೆ. ಅಲ್ಲಿಯವರೆಗೆ ಹಿಂದೆ ಹೋಗುವ ಪ್ರಸಂಗವೇ ಬಾರದಂತೆ ಕಾಸರಗೋಡಿಗೆ ಒಂದು ದಾರಿಯ ನಕ್ಷೆ ಬರೆದೆ.

ಓಣಂ ರಜೆಯ ಒಂದು ಬೆಳಿಗ್ಗೆ ಹೊರಟೆವು. ನಾನು ಕಾರಿನಲ್ಲಿ, ಜಯಂತಿ ಟೂಲ್ ಬಾಕ್ಸ್ ಹಿಡಿದು ಸ್ಕೂಟರಿನಲ್ಲಿ ಹಿಂದೆ. ಒಂಬತ್ತು ಗಂಟೆಗೆ ಬರುತ್ತೇವೆಂದು ಡಾಕ್ಟರಮ್ಮನಿಗೆ ಹೇಳಿಯಾಗಿತ್ತು. ಕುಂಬಳೆ ದಾಟಿದ ಮೇಲೆ ಹೊಸ ಹೆದ್ದಾರಿ. ಕಾರು ಅದರ ಮೇಲೆ ಹಾರುವ ಹಾಗೆ ಓಡಿತು. ಆ ಸುಖದಲ್ಲಿ ನಾನು ಸರ್ವಿಸ್ ರಸ್ತೆಗೆ ಇಳಿಯಬೇಕಾದ ಜಾಗವನ್ನು ಬಿಟ್ಟೆ. ಆಮೇಲೆ ಎರಡು ಬದಿಯೂ ಕಾಂಕ್ರೀಟಿನ ಗೋಡೆ. ಕೆಳಗೆ ಸರ್ವಿಸ್ ರಸ್ತೆಯಲ್ಲಿ ಜಯಂತಿಯ ಸ್ಕೂಟರ್ ಸರಿಯಾಗಿ ಡಾಕ್ಟರಮ್ಮನ ಮನೆಯ ಕಡೆಗೆ ತಿರುಗುವುದು ಮೇಲಿನಿಂದ ಕಂಡಿತು. ನಾನು ಕೈ ಬೀಸಿದೆ. ಕಾಸರಗೋಡು ಪಟ್ಟಣವೇ ಕೆಳಗೆ ಹಾದುಹೋಯಿತು. ಬೇರೆಯವರಾಗಿದ್ದರೆ ಎಲ್ಲೋ ಒಂದು ಕಡೆ ನಿಲ್ಲಿಸಿ, ಸ್ವಲ್ಪ ಹಿಂದೆ ತೆಗೆದು ತಿರುಗಿಸುತ್ತಿದ್ದರು. ನನಗೆ ಹಿಂದೆ ಎಂಬ ದಿಕ್ಕೇ ಇರಲಿಲ್ಲ. ಬಹಳ ದೂರ ಹೋಗಿ, ಒಂದು ಅಂಡರ್‌ಪಾಸ್ ಹುಡುಕಿ, ಎಡಕ್ಕೆ ತಿರುಗಿದಲ್ಲೆಲ್ಲ ಹಾರ್ನ್ ಹೊಡೆಯುತ್ತ, ಹತ್ತೂವರೆಗೆ ಅವರ ಗೇಟಿನೊಳಗೆ ನುಗ್ಗಿ ಗೋಡೆಗೆ ಮೂಗು ಹಚ್ಚಿ ನಿಲ್ಲಿಸಿದೆ.

ಡಾಕ್ಟರಮ್ಮ ಎಂಟೂವರೆಯಿಂದಲೇ ಜಗಲಿಯಲ್ಲಿ ಕುಳಿತಿದ್ದರಂತೆ. ಅಂಚಿರುವ ಬಿಳಿ ಸೀರೆ, ಕಾಲಿಗೆ ಬೂಟು, ಕುತ್ತಿಗೆಯಲ್ಲಿ ಸ್ಟೆತೊಸ್ಕೋಪು. ಇವರು ಈಗ ಬರಲಿಕ್ಕಿಲ್ಲ, ಒಳಗೆ ಹೋಗಿ ಮಲಗಿ ಎಂದು ತಾನು ಹೇಳಿದರೂ ಅವರು ಒಪ್ಪಲಿಲ್ಲ ಎಂದು ಜಯಂತಿ ಆಮೇಲೆ ಹೇಳಿದಳು. ಅವರು ನನ್ನನ್ನು ನೋಡಲೇ ಇಲ್ಲ. ಬಂದು ಕಾರಿನ ಮುಂಭಾಗವನ್ನು ಅಂಗೈಯಿಂದ ಮೆಲ್ಲಗೆ ಸವರಿದರು. ಜಯಂತಿ ಹೊಲಿದ ಸೀಟಿನ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ತಲೆದೂಗಿದರು. ಇಂಜಿನ್ ಓಡುತ್ತಿದ್ದ ಹಾಗೆಯೇ ಬಾನೆಟ್ ಎತ್ತಿಸಿ, ಸ್ಟೆತೊಸ್ಕೋಪು ಕಿವಿಗಿಟ್ಟು ನಾಲ್ಕು ಕಡೆ ಹಿಡಿದರು.

"ಮೂರನೆಯದು ಸ್ವಲ್ಪ ಕೆಮ್ಮುತ್ತದೆ. ಬೇರೆ ಎಲ್ಲ ಆರೋಗ್ಯ. ನೀನು ಇಳಿ."

ಲೈಸೆನ್ಸ್ ಎಂದು ನಾನು ತೊದಲಿದೆ. ಅವರು ಪರ್ಸಿನಿಂದ ತೆಗೆದು ತೋರಿಸಿದರು, ನವೀಕರಿಸಿದ್ದು. ಕಣ್ಣಿನ ಆಪರೇಷನ್ ಆದ ಮೇಲೆ ನಿನಗಿಂತ ಚೆನ್ನಾಗಿ ಕಾಣುತ್ತದೆ ಎಂದರು. ಆಗ ನಾನು ಗಂಟಲು ಸರಿಪಡಿಸಿಕೊಂಡು, ರಿವರ್ಸ್ ಗೇರಿನ ಹಲ್ಲು ಸಂಪೂರ್ಣ ಸವೆದಿದೆ, ಇಂಗ್ಲೆಂಡಿಗೆ ಬರೆಯಬೇಕು, ಆದ್ದರಿಂದ ನಾವೆಲ್ಲ ಸೇರಿ ಕಾರನ್ನು ಹಿಂದಕ್ಕೆ ದೂಡಬೇಕಾಗುತ್ತದೆ ಎಂದು ನಿವೇದಿಸಿಕೊಂಡೆ.

ಡಾಕ್ಟರಮ್ಮ ಗೇರಿನ ಹಿಡಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ, ಎಡಕ್ಕೆ ಎಳೆದರು. ಕಾರು ನೀರಿನಲ್ಲಿ ದೋಣಿ ಜಾರಿದ ಹಾಗೆ ಹಿಂದಕ್ಕೆ ಹೋಯಿತು.

"ಒತ್ತಿ ಹಿಡಿಯಬೇಕು ಮಾರಾಯ," ಎಂದರು. "ಒಂದು ಫೋನ್ ಮಾಡಿದ್ದರೆ ಹೇಳ್ತಿರಲಿಲ್ವಾ?"

ಎರಡು ಸಲ ಇಳಿಸಿದ ಗೇರ್‌ಬಾಕ್ಸಿನ ಭಾರ ನನ್ನ ಬೆನ್ನಿಗೆ ಮತ್ತೊಮ್ಮೆ ಗೊತ್ತಾಯಿತು. ನಾನು ಪಕ್ಕದ ಸೀಟಿನ ಬಾಗಿಲಿಗೆ ಕೈಯಿಟ್ಟೆ. ಡಾಕ್ಟರಮ್ಮ ಕರೆದದ್ದು ಜಯಂತಿಯನ್ನು. ಎರಡೇ ಸೀಟು. ಅವರಿಬ್ಬರೂ ಸೆರಗು ಸೊಂಟಕ್ಕೆ ಬಿಗಿದು ಗೇಟಿನಿಂದ ಹೊರಟರು; ಎಡಕ್ಕೆ ತಿರುಗುವಾಗ ಹಾರ್ನ್ ಆಯಿತು. ಸ್ಕೂಟರಿನಲ್ಲಿ ಹಿಂದೆ ಹೋಗೋಣವೆಂದರೆ ಕೀ ಜಯಂತಿಯ ಪರ್ಸಿನಲ್ಲಿತ್ತು. ನಾನು ಡಾಕ್ಟರಮ್ಮನ ಜಗಲಿಯಲ್ಲಿ, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು, ಎರಡು ಗಂಟೆ ಕುಳಿತೆ.

ಅವರು ಚಂದ್ರಗಿರಿ ಸೇತುವೆಯ ತನಕ ಹೋಗಿದ್ದರು. ಅಲ್ಲಿ ಕಾರು ನಿಲ್ಲಿಸಿ ಹೊಳೆ ನೋಡುತ್ತಿದ್ದಾಗ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟು ಬಂದಳಂತೆ. ಮೊದಲು ಕಾರಿನ ಗುರುತು ಹಿಡಿದಳು, ಆಮೇಲೆ ಡಾಕ್ಟರಮ್ಮನದು. ಚಿಕ್ಕಂದಿನಲ್ಲಿ ಈ ಕಾರು ಅವರ ಕೇರಿಗೆ ಬಂದಾಗಲೆಲ್ಲ ಮಕ್ಕಳು ಹಿಂದೆ ಓಡುತ್ತಿದ್ದರಂತೆ. ತನ್ನನ್ನೂ ತನ್ನ ಎರಡು ಮಕ್ಕಳನ್ನೂ ಹೊರತೆಗೆದದ್ದು ಇದೇ ಕೈ ಎಂದು ಹೇಳಿ, ಮೀನಿನ ವಾಸನೆ ಎಂದು ಮೊದಲು ತನ್ನ ಕೈಯನ್ನು ಸೀರೆಗೆ ಒರೆಸಿಕೊಂಡು, ಡಾಕ್ಟರಮ್ಮನ ಕೈ ಹಿಡಿದಳಂತೆ. ಡಾಕ್ಟರಮ್ಮ ಆ ಕೈಯನ್ನು ಬಿಡಲಿಲ್ಲವಂತೆ. ಇದನ್ನು ಜಯಂತಿ ಬಂದ ಮೇಲೆ ಹೇಳಿದಳು. ನಾನು ಎಣ್ಣೆಯ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೇಳಿದೆ.

ವಾಪಸು ಬರುವಾಗ ಕಾರು ಓಡಿಸಿದ್ದು ಜಯಂತಿ. ಅವಳು ಕೆಲವು ವರ್ಷಗಳ ಹಿಂದೆ ಲೈಸೆನ್ಸ್ ತೆಗೆದದ್ದನ್ನು, ಮನೆಯಲ್ಲಿ ಕಾರಿಲ್ಲದ್ದರಿಂದ, ನಾನು ಮರೆತೇಬಿಟ್ಟಿದ್ದೆ. ಕೂದಲು ಹಾರಿ, ಮುಖ ಕೆಂಪಾಗಿ, ಇಪ್ಪತ್ತು ವರ್ಷ ಚಿಕ್ಕವಳ ಹಾಗೆ ಕಾಣುತ್ತಿದ್ದಳು. ರಿವರ್ಸಿನಲ್ಲೇ ಗೇಟಿನೊಳಗೆ ತಂದು ನಿಲ್ಲಿಸಿದಳು. ಡಾಕ್ಟರಮ್ಮ ಇಳಿದು, ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇವಳ ಕೈಗೆ ಸರಿಯಾಗಿ ಕೂತಿದೆ. ಇನ್ನು ಇದು ಜಯಂತಿಯದ್ದು. ನೀನು ತೊಳೆದು ಒರೆಸಿ ಇಡು, ಸಾಕು."

ಮಾಲೀಕತ್ವ ವರ್ಗಾಯಿಸುವ ಫಾರಂ ಅವರು ಮೊದಲೇ ತರಿಸಿಟ್ಟಿದ್ದರು. ಕೊಡುವವರ ಜಾಗದಲ್ಲಿ ಡಾಕ್ಟರಮ್ಮ ಸಹಿ ಹಾಕಿದರು, ಪಡೆಯುವವರ ಜಾಗದಲ್ಲಿ ಜಯಂತಿ. ಬೇರೆ ಕಾಲಂಗಳನ್ನು ತುಂಬಿಸುವ ಕೆಲಸವನ್ನು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ, ನನಗೆ ಕೊಟ್ಟರು. ಒಂದೊಂದನ್ನೂ ಎರಡೆರಡು ಸಲ ಓದಿ, ತಪ್ಪಿಲ್ಲದೆ ಬರೆದೆ. ಒಂಬತ್ತು ತಿಂಗಳಲ್ಲಿ ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸ ಇದೊಂದೇ ಎಂದು ಅವರಿಬ್ಬರಿಗೂ ಹೇಳಿದೆ. ಜಯಂತಿ ಫಾರಂ ತೆಗೆದುಕೊಂಡು ನೋಡಿದಳು. ಹೊಸ ಮಾಲೀಕರ ಹೆಸರು ಎಂಬಲ್ಲಿ ನಾನು ನನ್ನ ಹೆಸರು ಬರೆದಿದ್ದೆ.

ಬೇರೆ ಫಾರಂ ತರಲು ಅವಳು ಕಾರಿನಲ್ಲೇ ಹೋದಳು.